ವಯೋಲಾಗಳ ಎರಡು ಪುಟ

ಅಣ್ಣ ಇಪ್ಪತ್ತಾರು ವರ್ಷದಿಂದ ಸಿಂಫನಿ ಆರ್ಕೆಸ್ಟ್ರಾದಲ್ಲಿ ಪಿಟೀಲಿನ ದೊಡ್ಡಣ್ಣನಂಥ ವಯೋಲಾ ನುಡಿಸುತ್ತಿದ್ದ. ಕೂರುತ್ತಿದ್ದುದು ಕಡೆಯ ಸಾಲಿನಲ್ಲಿ. ತಮ್ಮನಾದರೋ ಎರಡೇ ವರ್ಷಕ್ಕೆ ಸಂಗೀತ ಪಾಠ ಬಿಟ್ಟು, ಗಿಟಾರ್ ಹಿಡಿದು, ರಾಕ್ ಬ್ಯಾಂಡ್ ಕಟ್ಟಿ ಮನೆಮಾತಾಗಿದ್ದ. ಐವತ್ತರ ಹತ್ತಿರ ಬಂದಾಗ ಅವನಿಗೆ ಆರ್ಕೆಸ್ಟ್ರಾಕ್ಕೊಂದು ದೊಡ್ಡ ಕೃತಿ ಬರೆಯುವ ಹುಕಿ ಹತ್ತಿತು. ಬರೆದ. ನುಡಿಸಲು ಒಪ್ಪಿಕೊಂಡದ್ದು ಅಣ್ಣನ ಆರ್ಕೆಸ್ಟ್ರಾವೇ.

ಮೊದಲ ತಾಲೀಮಿಗೆ ಎಲ್ಲರೂ ಮೂಗು ಮುರಿಯಲು ಸಜ್ಜಾಗಿಯೇ ಬಂದಿದ್ದರು. "ಕಿವಿಗೆ ಹತ್ತಿ ತಂದಿದೀರಾ?" ಎಂದು ತುತ್ತೂರಿಯವನು ನಗಾಡಿದ. ಅಣ್ಣನೂ ನಕ್ಕ. ಮೊದಲೆರಡು ಭಾಗ ಅವನೆಣಿಸಿದಂತೆಯೇ ಬರೀ ಅಬ್ಬರ. ಮೂರನೆಯದರ ನಡುವೆ ಮಿಕ್ಕ ವಾದ್ಯಗಳೆಲ್ಲ ತಟ್ಟನೆ ನಿಂತು, ವಯೋಲಾಗಳಷ್ಟೇ ಉಳಿದವು. ತಗ್ಗು ದನಿಯ ಒಂದು ಧಾಟಿ, ಏಳಲೋ ಬೇಡವೋ ಎಂದು ಅನುಮಾನಿಸುತ್ತಲೇ ಮೇಲೇರಿತು. ಎರಡು ಪುಟ ಮುಗಿಯುವವರೆಗೆ ಯಾರೂ ಕೆಮ್ಮಲಿಲ್ಲ. ಪಕ್ಕದ ಜೊತೆಗಾತಿ ಕಮಾನು ಇಳಿಸಿ, "ನಮ್ಗೂ ಇಂಥದ್ದು ಬರೆಯೋರಿದಾರಲ್ಲ!" ಎಂದಳು.

ಅಣ್ಣನ ಹೊಟ್ಟೆಗೆ ಕೆಂಡ ಬಿದ್ದಂತಾಯಿತು. ತಾನು ವರ್ಷಗಟ್ಟಲೆ ಗುಟ್ಟಾಗಿ ಬರೆದು, ಬಾರದೆ ಹರಿದು ಹಾಕಿದ್ದು ಇಂಥದ್ದನ್ನೇ.

ವಿರಾಮದಲ್ಲಿ ತಮ್ಮ ಅವನನ್ನು ಹುಡುಕಿಕೊಂಡು ಕ್ಯಾಂಟೀನಿಗೆ ಬಂದ. ಸಾವಿರಾರು ಜನರ ಮುಂದೆ ಕುಣಿದವನು ಅಣ್ಣನ ಕಾಫಿ ಲೋಟದ ಎದುರು ಕುರ್ಚಿಯ ತುದಿಯಲ್ಲಿ ಕೂತ.

"ಅಣ್ಣಾ, ಇಲ್ಲಿ ಎಲ್ರೂ ನನ್ನ ಮುಖ ನೋಡ್ಕೊಂಡು ಮಾತಾಡ್ತಾರೆ. ನೀನಾದ್ರೂ ನಿಜ ಹೇಳು. ಹೇಗಿದೆ?"

"ಪರವಾಗಿಲ್ಲ ಕಣೋ."

"ಆ ವಯೋಲಾದ್ದು?"

ಅಣ್ಣ ಲೋಟದೊಳಗೆ ನೋಡಿದ. "ಅದೊಂದು ಎಳೀತು. ಸಿನಿಮಾದಲ್ಲಿ ಯಾರಾದ್ರೂ ಸತ್ತಾಗ ಹಾಕ್ತಾರಲ್ಲ, ಹಾಗಿದೆ. ತೆಗೆದ್ರೆ ಒಳ್ಳೇದು."

ತಮ್ಮನ ಮುಖ ಸಪ್ಪಗಾಯಿತು. "ನಂಗೆ ಅದೇ ಚೆನ್ನಾಗಿದೆ ಅನ್ಸಿತ್ತು... ಹೋಗ್ಲಿ ಬಿಡು. ನಿನ್ನಷ್ಟು ನಂಗೇನು ಗೊತ್ತು."

ಮಧ್ಯಾಹ್ನ ಆರ್ಕೆಸ್ಟ್ರಾ ನಡೆಸುವ ನಿರ್ದೇಶಕರು ತಮ್ಮನ ಮಾತಿನ ಮೇರೆಗೆ ಆ ಎರಡು ಪುಟಕ್ಕೆ ಅಡ್ಡಗೀಟು ಹಾಕಿಸಿದರು. ಜೊತೆಗಾತಿ ಒತ್ತಿ ಎಳೆದ ರಭಸಕ್ಕೆ ಪೆನ್ಸಿಲಿನ ಮೊನೆ ಮುರಿಯಿತು. "ಯಾವ ಪುಣ್ಯಾತ್ಮ ಹೇಳಿದ್ನೋ," ಎಂದಳು. ಅಣ್ಣ ತಂತಿ ಬಿಗಿಮಾಡುತ್ತ ಕೂತ.

ಕಾರ್ಯಕ್ರಮದ ದಿನ ಚಪ್ಪಾಳೆ ಬಿತ್ತು, ಮರ್ಯಾದೆಗೆ ಬೀಳುವಷ್ಟು. ಅಬ್ಬರವಿದೆ, ಒಳಗೇನೂ ಇಲ್ಲ ಎಂದು ಪತ್ರಿಕೆಯವರು ಬರೆದರು. ಓದಿ ಖುಷಿಯಾಗಬೇಕಿದ್ದ ಅಣ್ಣನಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ತಮ್ಮನ ಮನೆಗೆ ಹೋದ. ಅಲ್ಲಿ ತಮ್ಮ, ಕೃತಿಯ ಹಾಳೆಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ.

"ಅವತ್ತು ನಾನು ಹೇಳಿದ್ದು ಸುಳ್ಳು ಕಣೋ. ಆ ಎರಡು ಪುಟದಲ್ಲೇ ಜೀವ ಇದ್ದಿದ್ದು. ನಂಗೆ ಹೊಟ್ಟೆ ಉರೀತು, ಅದಕ್ಕೇ ಹಾಗಂದೆ. ವಾಪಸ್ ಸೇರ್ಸು."

ತಮ್ಮ ಮೆಲ್ಲಗೆ ನಕ್ಕ.

"ಸಮಾಧಾನ ಮಾಡೋಕೆ ಬಂದ್ಯಾ? ಬೇಡಣ್ಣಾ. ನಿಜ ಹೇಳ್ದೋನು ನೀನೊಬ್ನೇ. ಅದನ್ನೂ ಈಗ ಕೆಡಿಸ್ಬೇಡ."

"ನಿನ್ನಾಣೆ ಕಣೋ..."

"ಬಿಡಣ್ಣಾ." ತಮ್ಮ ಪೆಟ್ಟಿಗೆಗೆ ಟೇಪು ಸುತ್ತಿದ. "ಇದನ್ನ ಅಟ್ಟಕ್ಕೆ ಹಾಕ್ಬೇಕು. ಏಣಿ ಹಿಡ್ಕೋ ಸ್ವಲ್ಪ."

ಅಣ್ಣ ಏಣಿ ಹಿಡಿದು ನಿಂತ.