ಬೋಳು ಕಿವಿ

ಮತ್ತೆ ಬಂತು ಮೆಟ್ರೊ, ಕಿಟಕಿಯ ಗಾಜು ಗುಂಯ್ ಎಂದಿತು, ಆರಿಹೋದ ಕಾಫಿಯ ಮೇಲಿನ ಕೆನೆ ಒಮ್ಮೆ ನಡುಗಿ ನಿಂತಿತು, ಇಂದಿರಾನಗರದಲ್ಲಿ ಎರಡನೇ ಮಹಡಿಯಲ್ಲಿ ಆಫೀಸು ಮಾಡಿಕೊಂಡರೆ ಇದೇ ಹಣೆಬರಹ, ದಿನವಿಡೀ ರೈಲು ತಲೆಯೊಳಗೇ ಓಡುತ್ತದೆ, ಸೇರಿಕೊಂಡ ಮೇಲೆ ಕಿಟಕಿಯಿಂದ ದೂರದ ಮೇಜು ಕೇಳಬೇಕು — ಅಯ್ಯೋ ಮಧುರಾ, ಕೂಸು ಹುಟ್ಟುವ ಮುಂಚೆ ಕುಲಾವಿ, ಮೊದಲು ಕೆಲಸ ಸಿಗಲಿ ತಾಯಿ. ಎದುರಿನ ಗೋಡೆಯ ಮೇಲೆ ಪ್ರತಿ ಮಗುವಿಗೂ ಘನತೆ ಎಂದು ಹಳದಿ ಬಣ್ಣದಲ್ಲಿ ದಪ್ಪಗೆ ಬರೆಸಿದ್ದಾರೆ, ಅಕ್ಷರಗಳ ನಡುವಿನ ಸಂದು ಒಂದೊಂದು ಕಡೆ ಒಂದೊಂದು ಥರ, ಯಾರೋ ಏಣಿಯ ಮೇಲೆ ನಿಂತು ಊಟದ ಹೊತ್ತಾಯಿತೆಂದು ಅವಸರದಲ್ಲಿ ಮುಗಿಸಿದ್ದಾರೆ, ಇಷ್ಟು ವರ್ಷ ಗ್ರಾಫಿಕ್ ಡಿಸೈನ್ ಮಾಡಿ ಸವೆದ ಕಣ್ಣಿಗೆ ಮೊದಲು ಕಾಣುವುದು ಇಂಥ ಸಂದುಗಳೇ, ಮಾತು ಆಮೇಲೆ. ಕತ್ತು ನೋಯುತ್ತಿದೆ. ಕಮ್ಮನಹಳ್ಳಿಯಿಂದ ಬಸ್ಸಿನಲ್ಲಿ ನಿಂತೇ ಬಂದದ್ದಕ್ಕೋ, ವರ್ಷದಿಂದ ಸಂದರ್ಶನಗಳಲ್ಲಿ ಕೂತು ಹೌದು ಹೌದು ಎಂದು ತಲೆಯಾಡಿಸಿದ್ದಕ್ಕೋ, ಯಾರಿಗೆ ಗೊತ್ತು. ಒಂದೇ ಒಂದು ಸಣ್ಣ ಚೇಂಜ್ ಮಧುರಾ, ಎಂದು ಹೇಳಿ ಹೋಗಿದ್ದಾಳೆ ಶೀಬಾ, ಈ ಸಂಸ್ಥೆಯ ಪ್ರಚಾರದ ಕೆಲಸವೆಲ್ಲ ಅವಳದೇ, ಪಕ್ಕದ ಕೋಣೆಯಲ್ಲಿ ಫೋನಿನಲ್ಲಿದ್ದಾಳೆ, ನಾನು ಕಾಲ್ ಮುಗಿಸ್ಕೊಂಡು ಬರೋ ಅಷ್ಟ್ರಲ್ಲಿ ಮಾಡಿಡಿ, ಡೈರೆಕ್ಟರಿಗೆ ಕಳಿಸ್ಬಿಡ್ತೀನಿ, ನನ್ ಕೇಳಿದ್ರೆ ಈ ಕೆಲಸ ನಿಮ್ದೇ. ನಿಮ್ದೇ ಎಂದಾಗ ಮಧುರಾಳ ಕಣ್ಣಿನಲ್ಲಿ ನಿಜವಾಗಿಯೂ ನೀರು ಬಂತು, ನಾಚಿಕೆಯಾಗಿ ಕಾಫಿ ಕುಡಿದಳು, ಆಗಲೇ ಅದು ಆರಿತ್ತು.

ಸಣ್ಣ ಚೇಂಜ್ ಪರದೆಯ ಮೇಲಿದೆ. ಮಹದೇವಪುರದ ಆಚೆ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳಲ್ಲಿ ಇವರು ಸಂಜೆ ಶಾಲೆ ನಡೆಸುತ್ತಾರೆ, ಅಲ್ಲಿಯ ಹುಡುಗಿ, ಏಳೋ ಎಂಟೋ ವಯಸ್ಸು, ಹೆಸರು ಕೊಟ್ಟಿಲ್ಲ. ದಾನಿಗಳಿಗೆ ತೋರಿಸಲು ಒಂದು ಪೋಸ್ಟರ್ ಮಾಡಿ ತನ್ನಿ ಎಂದು ಫೋಟೊಗಳ ಫೋಲ್ಡರು ಕಳಿಸಿದ್ದರು, ಪರೀಕ್ಷೆ ಅಂತ, ತೆಗೆದವನು ಓವೈಸ್ ಎಂಬ ಹುಡುಗ, ಪಾಪ ಚೆನ್ನಾಗಿಯೇ ತೆಗೆದಿದ್ದಾನೆ, ಆದರೆ ಆ ಹುಡುಗಿ ನಗುತ್ತಾಳೆ, ಎಲ್ಲದರಲ್ಲೂ ನಗುತ್ತಾಳೆ, ಬಿದ್ದ ಹಲ್ಲಿನ ಸಂದು ತೋರಿಸಿ, ತಟ್ಟೆ ತಲೆಯ ಮೇಲಿಟ್ಟುಕೊಂಡು, ತಮ್ಮನ ಕಿವಿ ಹಿಂಡುತ್ತ. ನಗುವ ಮಗುವಿಗೆ ಯಾರು ಕೊಡುತ್ತಾರೆ. ಹುಡುಕಿ ಹುಡುಕಿ ಕೊನೆಗೊಂದು ಸಿಕ್ಕಿತು, ಹುಬ್ಬು ಗಂಟಿಕ್ಕಿದೆ, ಬಾಯಿ ಅರೆ ತೆರೆದಿದೆ, ಕಣ್ಣಂಚಿನಲ್ಲಿ ನೀರು — ಮುಂದಿನ ಚಿತ್ರ ನೋಡಿದ ಮೇಲೆ ತಿಳಿಯಿತು, ಸೀನು ಬರುತ್ತಿತ್ತು ಅವಳಿಗೆ, ಅಷ್ಟೇ, ಮುಂದಿನದರಲ್ಲಿ ಸೀನಿ ಮೂಗು ಒರೆಸಿಕೊಂಡು ಬಿದ್ದು ಬಿದ್ದು ನಗುತ್ತಿದ್ದಾಳೆ. ಮಧುರಾ ಸೀನನ್ನೇ ಆರಿಸಿದಳು. ಈ ಕಣ್ಣಲ್ಲಿ ಎಷ್ಟು ನೋವಿದೆ ನೋಡಿ ಎಂದಳು ಶೀಬಾ ಇವತ್ತು, ಎದೆ ಮೇಲೆ ಕೈಯಿಟ್ಟು, ನನಗೆ ರಾತ್ರಿ ನಿದ್ದೆ ಬರಲ್ಲ ಇನ್ನು, ಮಧುರಾ ಹೌದು ಎಂದು ತಲೆಯಾಡಿಸಿದಳು. ಇನ್ನೇನು ಮಾಡಬೇಕಿತ್ತು, ಮೇಡಂ ಅದು ಸೀನು ಎನ್ನಬೇಕಿತ್ತೇ. ಜಾಹೀರಾತು ಕಂಪನಿಯಲ್ಲಿ ಬಿಸ್ಕತ್ತಿಗೆ ಎಣ್ಣೆ ಹಚ್ಚಿ ಹೊಳೆಸಿದವಳು ಅವಳು, ಆ ಕಂಪನಿ ಡಿಸೈನ್ ವಿಭಾಗವನ್ನೇ ಮುಚ್ಚಿತು, ಕಂಪ್ಯೂಟರೇ ಚಿತ್ರ ಬರೆಯುತ್ತಲ್ಲ ಮೇಡಂ ಈಗ ಎಂದರು, ಆಮೇಲೆ ಹೋದಲ್ಲೆಲ್ಲ ನಿಮ್ಮ ಅನುಭವ ಜಾಸ್ತಿಯಾಯ್ತು ಎಂದರು, ಅನುಭವವನ್ನು ಕತ್ತರಿಸಿ ಇಡೋಕಾಗುತ್ತಾ, ಅದೇನು ಕೂದಲೇ. ಇಲ್ಲಿಂದ ಕರೆ ಬಂದಾಗ ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು, ಸಂಬಳಾನೂ ಬರುತ್ತೆ ಪುಣ್ಯಾನೂ ಬರುತ್ತೆ, ಬಿಡ್ಬೇಡ ಕಣೇ.

ಆ ಓಲೆ ತೆಗೀಬೇಕು, ಶೀಬಾ ಹೇಳಿದ್ದು ಇಷ್ಟೇ, ಬೆರಳಿನಿಂದ ಪರದೆ ಮುಟ್ಟಿ ತೋರಿಸಿದಳು, ಹುಡುಗಿಯ ಕಿವಿಯಲ್ಲಿ ಕೆಂಪು ಕಲ್ಲಿನ ಓಲೆ, ಅಕ್ಕಿಕಾಳಿನಷ್ಟು. ಚಿನ್ನ ಇದೆಯಲ್ಲ ಅಂತಾರೆ ಡೋನರ್ಸ್, ಹೋದ್ಸಲ ಹಾಗೇ ಮೇಲ್ ಬಂತು, ನಮ್ಗೂ ಇಷ್ಟ ಇಲ್ಲ ಮಧುರಾ, ಆದ್ರೆ ಆ ಹಣದಲ್ಲೇ ಮಕ್ಕಳು ಊಟ ಮಾಡೋದು, ಏನ್ ಮಾಡ್ಲಿ ಹೇಳಿ. ಕೆಟ್ಟವಳಲ್ಲ ಶೀಬಾ, ಅವಳ ಕಣ್ಣ ಕೆಳಗೂ ಕಪ್ಪಿದೆ. ಓಲೆ ಚಿನ್ನದ್ದೇ ಇರಬೇಕು, ಎಂಥ ಬಡವರೂ ಹೆಣ್ಣುಮಗುವಿನ ಕಿವಿಗೆ ಚೂರು ಚಿನ್ನ ಹಾಕುತ್ತಾರೆ, ಬೋಳು ಕಿವಿ ಅಪಶಕುನ, ಬಾ ಇಲ್ಲಿ ಕೂತ್ಕೋ ಎಂದಳು ಅಮ್ಮ, ಅಡುಗೆಮನೆಯ ಹೊಸಿಲ ಮೇಲೆ, ಕೆ.ಆರ್. ಪುರದ ಮನೆ ಅದು, ಅಪ್ಪನ ಕಾರ್ಖಾನೆಗೆ ಬೀಗ ಬಿದ್ದ ವರ್ಷ, ಮಧುರಾ ಆಗ ಏಳನೇ ಕ್ಲಾಸು, ಶಾಲೆಯಲ್ಲಿ ಯಾವುದೋ ಸಂಘದವರು ಬಡಮಕ್ಕಳಿಗೆ ಯೂನಿಫಾರಂ ಕೊಡುತ್ತಾರಂತೆ, ಹೆಡ್‌ಮಿಸ್ಸು ಇವಳ ಹೆಸರೂ ಬರೆದಿದ್ದಾರೆ, ಅಮ್ಮ ಕೊಬ್ಬರಿಎಣ್ಣೆ ಬಿಟ್ಟು ಓಲೆಯ ತಿರುಪು ತಿರುಗಿಸುತ್ತಾಳೆ, ನೋಯುತ್ತೆ ಅಮ್ಮ, ಸುಮ್ನಿರೇ, ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಹೂ ಅಂತಾರೆ, ಇದನ್ನ ನೋಡಿದ್ರೆ ಕೊಡ್ತಾರಾ. ಮಗು ಕಿವಿ ಬೋಳು ಮಾಡ್ಬೇಡ್ವೇ ಜಲಜಾ ಎಂದರು ಅಪ್ಪ ಪೇಪರಿನ ಹಿಂದಿನಿಂದ, ನೀವು ಮಾತಾಡ್ಬೇಡಿ ಎಂದಳು ಅಮ್ಮ, ಅಪ್ಪ ಆಮೇಲೆ ಪುಟ ಮಗುಚಲೇ ಇಲ್ಲ. ಬೇವಿನ ಕಡ್ಡಿ ಮುರಿದು ಎರಡು ಕಿವಿಗೂ ಸಿಕ್ಕಿಸಿದಳು. ಬೇವಿನ ಕಡ್ಡಿ ಸಿಕ್ಕಿಸಿಕೊಂಡ ಕಿವಿ. ವೇದಿಕೆ ಮೇಲೆ ನೀಲಿ ಬಟ್ಟೆಯ ಗಂಟನ್ನು ಒಬ್ಬರು ಅರ್ಧ ಕೊಟ್ಟು ಅರ್ಧ ಕೈಯಲ್ಲೇ ಹಿಡಿದುಕೊಂಡರು, ಫೋಟೊ ಆಗುವ ತನಕ, ಮರೀ ಕ್ಯಾಮೆರಾ ನೋಡು, ಇವಳು ತಲೆ ಓರೆ ಮಾಡಿ ಕಿವಿ ಬಚ್ಚಿಡಲು ನೋಡಿದಳು, ಆಗಲಿಲ್ಲ, ಗೆಳತಿಯರೆಲ್ಲ ಮುಂದಿನ ಸಾಲಿನಲ್ಲೇ ಕೂತಿದ್ದರು.

ತೆಗೆಯುವುದು ಸುಲಭ. ಆ ಕಾಲದಲ್ಲಿ ಅಮ್ಮನಿಗೆ ಎಣ್ಣೆ ಬೇಕಾಯಿತು, ಇಲ್ಲಿ ಮೌಸಿನಿಂದ ಹುಡುಗಿಯ ಕೆನ್ನೆಯ ಮೇಲೊಮ್ಮೆ ಒತ್ತಿದರೆ ಅಲ್ಲಿಯ ಚರ್ಮದ ನಕಲು ಕುಂಚಕ್ಕೆ ಅಂಟಿಕೊಳ್ಳುತ್ತದೆ, ಕಿವಿಯ ಮೇಲೆ ಸವರಿದರೆ ಆಯಿತು, ಅವಳ ಕೆನ್ನೆ ಅವಳ ಕಿವಿಗೇ, ಕೆಂಪು ಕಲ್ಲು ಅರ್ಧ ಹೋಯಿತು, ಪೂರ್ತಿ ಹೋಯಿತು, ಹಿಂದಿನ ತಿರುಪಿನ ನೆರಳೂ ಹೋಯಿತು, ಕೈ ಎಷ್ಟು ಚೆನ್ನಾಗಿ ನಡೆಯುತ್ತದೆ, ಈ ಕೈಗೆ ಮನಸ್ಸಿನ ಹಂಗೇ ಇಲ್ಲ. ಮೇಜಿನ ಮೇಲೆ ಮೊಬೈಲು ನಡುಗಿತು, ಅಮ್ಮ, ಎತ್ತಲಿಲ್ಲ, ಎತ್ತಿದರೆ ಏನಾಯ್ತೇ ಎನ್ನುತ್ತಾಳೆ, ಏನಾಯ್ತು ಎಂದು ಹೇಳುವುದು. ಶೀಬಾ ಬಂದಳು, ಬಗ್ಗಿ ನೋಡಿದಳು, ವಾವ್, ಓಲೆ ಇತ್ತು ಅಂತ್ಲೇ ಗೊತ್ತಾಗಲ್ಲ, ಈಗ ಫೋನಲ್ಲಿ ಡೈರೆಕ್ಟರ್ ಕೂಡ ನಿಮ್ಗೆ ಓಕೆ ಅಂದ್ರು, ಸೋಮವಾರದಿಂದ ಬರ್ತೀರಾ ತಾನೆ. ಬರ್ತೀನಿ, ಎಂದಿತು ಮಧುರಾಳ ಬಾಯಿ, ಮೈಯೆಲ್ಲ ಒಮ್ಮೆಲೇ ಹಗುರಾಗಿ ಕುರ್ಚಿಯಲ್ಲಿ ಕುಸಿಯಿತು, ಮುಗಿಯಿತು, ಇನ್ನು ಯಾರ ಮುಂದೆಯೂ ತಲೆಯಾಡಿಸಬೇಕಿಲ್ಲ. ಅಯ್ಯೋ ಇರಿ, ಇದೇನು ಚುಕ್ಕೆ, ಎಂದಳು ಶೀಬಾ, ಓ, ಚುಚ್ಚಿದ ತೂತಾ, ಬಸ್ ಸ್ಟಾಪಲ್ಲಿ ದೊಡ್ಡದಾಗಿ ಬರುತ್ತೆ ಇದು, ಎದ್ದು ಕಾಣುತ್ತೆ, ಇದೊಂದು ಮುಚ್ಚಿಬಿಡಿ ಪ್ಲೀಸ್.

ದೊಡ್ಡದು ಮಾಡಿದಳು. ಪರದೆಯ ತುಂಬ ಕಿವಿ, ಕಿವಿಯ ನಡುವೆ ಸಣ್ಣ ಕಪ್ಪು ತೂತು, ಯಾರೋ ಮಡಿಲಲ್ಲಿ ಕೂರಿಸಿಕೊಂಡು, ಅಳುವ ಬಾಯಿಗೆ ಸಕ್ಕರೆ ಹಾಕಿ ಚುಚ್ಚಿಸಿದ ತೂತು, ಕೆನ್ನೆಯ ಮೇಲೊಮ್ಮೆ ಒತ್ತಿದಳು, ಕಿವಿಯ ಮೇಲೊಮ್ಮೆ, ಮುಚ್ಚಿತು, ಇಷ್ಟೇ. ಅವತ್ತು ಸಂಜೆ ಬಾಗಿಲಲ್ಲೇ ನಿಲ್ಲಿಸಿ ಅಮ್ಮ ಓಲೆ ವಾಪಸ್ಸು ಹಾಕಿದಳು, ಚೀಲ ಕೂಡ ಇಳಿಸಲು ಬಿಡಲಿಲ್ಲ, ಅದಕ್ಕೇ ಕಣೇ ಕಡ್ಡಿ ಇಟ್ಟಿದ್ದು, ತೂತು ಕೂಡ್ಕೋಬಾರ್ದು ಅಂತ, ಕೂಡ್ಕೊಂಡ್ರೆ ಮತ್ತೆ ಹಾಕೋದೆಲ್ಲಿ, ಮತ್ತೆ ಹಾಕೋದೆಲ್ಲಿ, ಮೆಟ್ರೊ ಬಂತು, ಗಾಜು ನಡುಗಿತು, ಪರದೆಯ ತುಂಬ ಕಿವಿ, ಕೆನ್ನೆಯಷ್ಟು ನುಣುಪು, ಅಮ್ಮ ಕಡ್ಡಿಯನ್ನಾದರೂ ಇಟ್ಟಿದ್ದಳು, ಇಲ್ಲಿ ಕಡ್ಡಿ ಇಡುವುದಕ್ಕೂ, ಕಡ್ಡಿ ಇಡುವುದಕ್ಕೂ ಜಾಗವಿಲ್ಲದ ಕಿವಿ