ಬಾವಿಕಟ್ಟೆಯ ಅಳತೆ

ಮೇಸ್ತ್ರಿ ಮುದ್ದಯ್ಯ ಅಳತೆಗೋಲನ್ನು ಪಂಚಾಯ್ತಿ ಚೇರ್ಮನ್ ಮಹದೇವಪ್ಪನವರ ಪಕ್ಕಕ್ಕೆ ನೆಟ್ಟಗೆ ಹಿಡಿದು, ಅವರ ಹೊಕ್ಕುಳಿನ ಮಟ್ಟಕ್ಕೆ ಇದ್ದಲಿನಿಂದ ಗೆರೆ ಎಳೆದ. "ಕಟ್ಟೆ ಇಷ್ಟೆತ್ರ ಇರ್ಲಿ ಬುದ್ಧಿ. ಆನೆ ಬಂದ್ರೂ ಬೀಳಕ್ಕಿಲ್ಲ."

ಹೋದ ತಿಂಗಳು ಕಾಡಂಚಿನ ಈ ಗಿರಿಜನರ ಹಾಡಿಯ ಬಾವಿಗೆ ಮೇಕೆಮರಿ ಬಿದ್ದು ಸತ್ತಿತ್ತು. ಅದಕ್ಕೇ ಸಿಮೆಂಟು ಮಂಜೂರಾಗಿತ್ತು, ಅದಕ್ಕೇ ಈ ಸಭೆ. ಹಾಡಿಯ ಯಜಮಾನ ಕೆಂಚ ತಲೆಯಾಡಿಸಿದ. ಸುತ್ತ ಕೂತ ಗಂಡಸರೂ ಆಡಿಸಿದರು. ಅವರಲ್ಲಿ ಒಬ್ಬನಾದರೂ ಆ ಬಾವಿಯಿಂದ ಒಂದು ಬಿಂದಿಗೆ ನೀರು ಸೇದಿದವನಲ್ಲ ಎನ್ನುವುದು ಬೇರೆ ಮಾತು.

ಸೇದುತ್ತಿದ್ದವಳು ಕೆಂಚನ ಮೊಮ್ಮಗಳು ಚೆನ್ನಿ. ಅವ್ವ ನಸುಕಿನಲ್ಲೇ ಕೂಲಿಗೆ ಹೊರಟರೆ, ಆರು ಬಿಂದಿಗೆ ನೀರು ತುಂಬಿಟ್ಟ ಮೇಲೇ ಅವಳಿಗೆ ಶಾಲೆ. ನಾಲ್ಕನೇ ಕ್ಲಾಸಿನಲ್ಲಿ ಹಾಡಿಯಿಂದ ಉಳಿದಿದ್ದವಳು ಅವಳೊಬ್ಬಳೇ. ಮುದ್ದಯ್ಯ ಒರಗಿಸಿಟ್ಟ ಕೋಲಿನ ಹತ್ತಿರ ಹೋಗಿ ನಿಂತಳು. ಗೆರೆ ಅವಳ ಗದ್ದ ಮುಟ್ಟುತ್ತಿತ್ತು. ಇನ್ನು ಯಾರಾದರೂ ದೊಡ್ಡವರು ಬಂದು ಸೇದಿಕೊಡುವವರೆಗೆ ಕಾಯಬೇಕು, ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆದಿರುತ್ತದೆ. ಅವಳಿಗೆ ಅಳುವೇ ಬಂತು.

"ಇಷ್ಟೆತ್ರ ಬ್ಯಾಡ. ನಂಗೆ ಎಟುಕಕ್ಕಿಲ್ಲ," ಎಂದಳು.

"ದೊಡ್ಡೋರು ಮಾತಾಡ್ವಾಗ ನೀನ್ಯಾಕಮ್ಮಿ ಬಾಯಾಕ್ತೀಯ? ಓಗತ್ಲಾಗೆ," ಕೆಂಚ ಗದರಿದ.

ಮಹದೇವಪ್ಪ ನಕ್ಕರು. "ನಂಗೆ ಎಟುಕ್ತದಲ್ಲಮ್ಮಿ!"

"ಅಂಗಾರೆ ಮಂಡಿ ಊರ್ಕಂಡು ಸೇದಿ ನೋಡ್ರಿ. ಆಗ ನೀವೂ ನನ್ನಷ್ಟೇ ಆಯ್ತೀರಿ."

ಕೆಂಚನ ಜೀವ ಬಾಯಿಗೆ ಬಂತು. ಆದರೆ ಮಹದೇವಪ್ಪನವರು ಸವಾಲು ಬಿಡುವ ಆಸಾಮಿಯಲ್ಲ. ಇಬ್ಬರಿಗೆ ಹೇಳಿ ಬಾವಿಯ ಅಂಚಿನಲ್ಲಿ ಗೆರೆಯ ಎತ್ತರಕ್ಕೆ ಬಿದಿರೊಂದನ್ನು ಅಡ್ಡ ಹಿಡಿಸಿದರು. ಇಸ್ತ್ರಿ ಪಂಚೆಯಲ್ಲೇ ಕೆಸರಿಗೆ ಮಂಡಿಯೂರಿದರು. ಬಿಂದಿಗೆ ಇಳಿಯಿತು, ತುಂಬಿಕೊಂಡು ಮೇಲಕ್ಕೂ ಬಂತು. ಬಿದಿರು ದಾಟಿಸಲು ಕೈ ಎತ್ತಿದ್ದೇ ತಡ, ಬಡಿದು ವಾಲಿ ನೀರೆಲ್ಲ ಅವರ ತಲೆಯ ಮೇಲೆ! ಹಾಡಿಗೆ ಹಾಡಿಯೇ ಬಿದ್ದು ಬಿದ್ದು ನಕ್ಕಿತು. ಕೆಂಚ ಮಾತ್ರ ನಗಲೋ ಬೇಡವೋ ಎಂದು ಚೇರ್ಮನ್ನರ ಮುಖ ನೋಡಿದ. ಅವರೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.

"ಸೇದೋರ್ನ ಬುಟ್ಟು ಮಿಕ್ಕೋರ್ನೆಲ್ಲ ಕೇಳಿದ್ವಲ್ಲೋ ಮುದ್ದಯ್ಯ! ಈಗೇನ್ ಮಾಡಾನ?"

"ಕಟ್ಟೆ ಅಂಗೇ ಇರ್ಲಿ ಬುದ್ಧಿ. ಸೇದೋ ತಾವ ನಿಂತ್ಕಳಕ್ಕೆ ಒಂದು ಕಲ್ಲು ಕೂರಿಸ್ತೀನಿ. ಅದ್ರ ಮ್ಯಾಲೆ ನಿಂತಾಗ ಕಟ್ಟೆ ಮಗೀಗೆ ಎದೆಮಟ್ಟ ಬಂದ್ರೆ ಸಾಕು, ಬೀಳಾಕೂ ಇಲ್ಲ. ಬಾರಮ್ಮಿ, ಅಳ್ದುಬುಡ್ತೀನಿ."

ಒಂದು ಹೆಜ್ಜೆ ಮುಂದಿಟ್ಟ ಚೆನ್ನಿ ಅಲ್ಲೇ ನಿಂತಳು. ಹಿಂದಕ್ಕೆ ಹೋಗಿ, ಹೆಂಗಸರ ನಡುವೆ ಅಡಗಿದ್ದ ತಂಗಿ ನಿಂಗಿಯನ್ನು ಕೈಹಿಡಿದು ಎಳೆದು ತಂದಳು.

"ಮುಂದ್ಲೊರ್ಷ ನಾನು ಐದ್ನೇ ಕ್ಲಾಸ್ಗೆ ಹ್ಯಾಂಡ್‌ಪೋಸ್ಟ್‌ ಊರಿನ ಇಸ್ಕೂಲ್ಗೆ ಓಯ್ತೀನಿ. ಆಗ ಸೇದೋಳು ಇವ್ಳು. ಇವ್ಳನ್ನ ಅಳೀರಿ."

ಮುದ್ದಯ್ಯ ಹಳೇ ಗೆರೆಯನ್ನು ಹಾಗೇ ಉಳಿಸಿಕೊಂಡು, ಕೋಲನ್ನು ನಿಂಗಿಯ ಪಕ್ಕಕ್ಕೆ ಹಿಡಿದ. ಎಲ್ಲರ ಕಣ್ಣೂ ತನ್ನ ಮೇಲಿದ್ದುದಕ್ಕೆ ನಿಂಗಿ ಉಸಿರು ಬಿಗಿಹಿಡಿದು, ಇನ್ನಷ್ಟು ಎತ್ತರ ಕಾಣಲೆಂದು ಹಿಮ್ಮಡಿ ಎತ್ತಿದಳು. ಚೆನ್ನಿ ಅವಳ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಕೆಳಕ್ಕೆ ಒತ್ತಿದಳು.