ಹಸಿರು ಪ್ಯಾಕೆಟ್ಟಿನ ಆಣೆ

ಅಳಿಯ ಉದಯಕುಮಾರ ಕಾರಿನ ಡಿಕ್ಕಿಯಿಂದ ಹೆಂಡತಿಯ ಬ್ಯಾಗು ಇಳಿಸಿ, ಉದ್ದನೆಯ ಬಣ್ಣದ ಡಬ್ಬಿಯೊಂದನ್ನು ಬಗಲಲ್ಲಿಟ್ಟುಕೊಂಡು ಒಳಗೆ ಬಂದಾಗಲೇ ಬಸವಂತಮ್ಮನ ಎದೆ ಧಸಕ್ಕೆಂದಿತು. ಡಬ್ಬಿಯಲ್ಲಿ ಏನಿದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕುಡುಕ ಗಂಡನ ಜೊತೆ ಬಾಳುವೆ ಮಾಡಿದವಳಿಗೆ ಬಾಟಲಿ ಯಾವ ಅಂಗಿ ತೊಟ್ಟು ಬಂದರೂ ಗುರುತು ಸಿಗುತ್ತದೆ.

ಮಗಳು ಶೈಲಶ್ರೀ ಚೊಚ್ಚಲ ಬಸುರಿ. ಹಿಂದಿನ ದಿನವಷ್ಟೇ ರಾಯಚೂರಿನ ಗಂಡನ ಮನೆಯಲ್ಲಿ ಸೀಮಂತದ ಕುಬಸ ಮುಗಿದಿತ್ತು. ಇನ್ನು ಹೆರಿಗೆ, ಬಾಣಂತನ ಎಲ್ಲ ದೇವದುರ್ಗದ ತವರಿನಲ್ಲಿ. ಆದರೆ ಅದಕ್ಕೆ ಅವಳು ಫೋನಿನಲ್ಲೇ ಒಂದು ಷರತ್ತು ಹಾಕಿದ್ದಳು. "ಯಪ್ಪ ಕುಡಿಯೂದು ಬಿಟ್ರ ಬರ್ತೀನಿ. ಇಲ್ಲಂದ್ರ ಇಲ್ಲೇ ರಾಯಚೂರಾಗ ಇರ್ತೀನಿ, ನೀ ಕರಿಯಾಕ ಬರಬ್ಯಾಡ." ಓಣಿಯವರು ಆಡಿಕೊಳ್ಳುವುದು ಹಾಗಿರಲಿ, ಮಗಳ ಕೂಸಿಗೆ ತನ್ನ ಕೈಯಾರೆ ಎಣ್ಣೆ ಹಚ್ಚಿ ಎರೆಯಬೇಕೆಂಬ ಆಸೆಯೊಂದೇ ಬಸವಂತಮ್ಮನಲ್ಲಿ ಉಳಿದಿತ್ತು. ಮಿಕ್ಕ ಆಸೆಗಳೆಲ್ಲ ದಣಿದು ಯಾವತ್ತೋ ಮಲಗಿಬಿಟ್ಟಿದ್ದವು.

ಹಾಗಾಗಿ ಅವಳು ಗಂಡ ವಿರೂಪಣ್ಣನನ್ನು ದೇವಸುಗೂರಿನ ಗುಡಿಗೆ ಎಳೆದುಕೊಂಡು ಹೋಗಿದ್ದಳು. ಮಾನ್ವಿಯಿಂದ ರಾಯಚೂರಿನ ಮಿಲ್ಲುಗಳಿಗೆ ಲಾರಿಯಲ್ಲಿ ಭತ್ತ ಸಾಗಿಸುವ ವಿರೂಪಣ್ಣ ಸಂಜೆಯಾದರೆ ಹಸಿರು ಬಣ್ಣದ ಕಾಗದದ ಪ್ಯಾಕೆಟ್ಟು ಹರಿಯುತ್ತಿದ್ದ. ಅಗ್ಗದ ವಿಸ್ಕಿ. ಅದರ ಹೆಸರು ಬಸವಂತಮ್ಮನಿಗೆ ಓದಲು ಬರದು. ಕುಡಿತ ಎಂದರೆ ಅವಳ ಪಾಲಿಗೆ ಆ ಹಸಿರು ಪ್ಯಾಕೆಟ್ಟೇ. ಖಾಲಿಯದೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಸೂಗೂರೇಶ್ವರನ ಎದುರು ಗಂಡನ ಕೈಗೆ ಕೊಟ್ಟು, "ಇದನ್ನ ಇನ್ನ ಮುಟ್ಟಂಗಿಲ್ಲ ಅನ್ರಿ" ಎಂದಿದ್ದಳು. ಅವನು ಅಂದಿದ್ದ. ಆಮೇಲೆ ನಿಜವಾಗಿಯೂ ಮುಟ್ಟಿರಲಿಲ್ಲ. ಕೈ ನಡುಗಿತು, ಮೈ ಬೆವರಿತು, ಒಂದು ದಿನ ಸಣ್ಣ ಮಕ್ಕಳ ಹಾಗೆ ಅತ್ತೂಬಿಟ್ಟ. ಆದರೂ ಮುಟ್ಟಲಿಲ್ಲ. ಗಂಡನ ಮೇಲೆ ಹೀಗೂ ನಂಬಿಕೆ ಹುಟ್ಟಬಹುದೆಂದು ಅವಳಿಗೆ ಆಗಲೇ ಗೊತ್ತಾದದ್ದು.

ಈಗ ಊಟಕ್ಕೆ ಮೊದಲು ಮಾವ ಅಳಿಯ ಇಬ್ಬರೂ ಪಡಸಾಲೆಯಲ್ಲಿ ಕೂತಿದ್ದರು.

"ಅತ್ತಿ, ಎರಡು ಗ್ಲಾಸ್ ಕೊಡ್ರಿ. ಸ್ವಲ್ಪ ಶೇಂಗಾ ಹುರಿದ ಕೊಟ್ರ ಇನ್ನೂ ಚಲೋ," ಎಂದ ಉದಯಕುಮಾರ.

ಅಳಿಯನ ಮಾತಿಗೆ ಇಲ್ಲ ಅನ್ನುವುದು ಆ ಮನೆಯಲ್ಲಿ ಇರಲಿಲ್ಲ. ಬಸವಂತಮ್ಮ ಬಾಗಿಲಿಗೆ ಒರಗಿ ನಿಂತು, "ಅಳಿಯಂದ್ರ, ಇವರು ದೇವರ ಮುಂದ ಆಣಿ ಮಾಡ್ಯಾರ್ರೀ" ಎಂದಳು.

ಉತ್ತರ ಬಂದದ್ದು ಗಂಡನಿಂದ. "ಆಣಿ ಮಾಡಿದ್ದು ಹಸರ ಪ್ಯಾಕೀಟಿಗೆ ಬೇ. ಇದು ಬ್ಯಾರೆ. ನೀನ ಕೈಯಾಗ ಕೊಟ್ಟು ಅನಿಸಿಯಲ್ಲ?"

ದೇವರ ಎದುರು ತಾನೇ ಇಷ್ಟಗಲ ಕಿಂಡಿ ಬಿಟ್ಟು ಬಂದಿದ್ದೆ ಎನ್ನುವುದು ಅವಳಿಗೆ ಈಗ ಹೊಳೆಯಿತು. ಸಿಟ್ಟು ಮಾಡುವುದಕ್ಕೂ ತ್ರಾಣ ಬೇಕು, ಅದೂ ಇರಲಿಲ್ಲ. ಸುಮ್ಮನೆ ಗ್ಲಾಸು ತಂದಿಟ್ಟಳು.

"ಮಾವಾರು ಹೇಳಿದ್ದು ಖರೇ ಅದ," ಉದಯಕುಮಾರ ಖುಷಿಯಿಂದ ಸುರಿದ. "ಅದೇನು ವಿಸ್ಕಿ ಏನ್ರಿ? ಸ್ಪಿರಿಟ್ಟಿಗೆ ಬಣ್ಣ ಹಾಕಿದ್ದು. ಇದು ಸ್ಕಾಟ್ಲೆಂಡಿಂದು, ಕಟಿಗಿ ಪೀಪಾಯಿದಾಗ ಹದಿನೆಂಟು ವರ್ಷ ಕುಂತದ. ನಮ್ಮ ಟೈಲ್ಸ್ ಅಂಗಡಿಗೆ ಬರೋ ಗಿರಾಕಿ ಒಬ್ರು ದುಬೈದಿಂದ ತಂದು ಕೊಟ್ರು."

ವಿರೂಪಣ್ಣ ಬೆರಳು ಅದ್ದಿ, ಹಿರಿಯರ ಪಾಲೆಂದು ನೆಲಕ್ಕೆ ಎರಡು ಹನಿ ಚಿಮುಕಿಸಿದ. "ಇದನ್ನ ಚೆಲ್ಲಬಾರದ್ರಿ ಮಾವಾರ!" ಎಂದು ಅಳಿಯ ಹೌಹಾರಿದ. ಮಾವ ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ ತೀರ್ಪು ಕೊಟ್ಟ. "ಅದು ಗಂಟಲು ಹೆರಕೊಂತ ಇಳಿತಿತ್ತು. ಇದು ಇಳಿದಿದ್ದೇ ಗೊತ್ತಾಗವಲ್ದು."

"ಮರುದಿನ ತಲಿ ನೋಯಂಗಿಲ್ಲ. ಬಾಯಿ ವಾಸನಿ ಸುದ್ದಾ ಬರಂಗಿಲ್ಲ."

"ಅದು ಕುಡದ್ರ ಯಾವಾಗ ಬಿದ್ದೆ ಅನ್ನೂದೂ ನೆನಪಿರ್ತಿದ್ದಿಲ್ಲ."

"ಇದು ಬೀಳಸಂಗಿಲ್ರಿ. ಮನಿಶಾ ಮನಿಶಾ ಆಗೇ ಇರ್ತಾನ."

ಶೇಂಗಾ ಹುರಿಯುತ್ತ ಈ ಮಾತು ಕೇಳಿಸಿಕೊಂಡ ಬಸವಂತಮ್ಮನಿಗೆ, ನಾಚಿಕೆಗೇಡು, ಒಂದಿಷ್ಟು ಸಮಾಧಾನವೂ ಆಯಿತು. ದುಬಾರಿಯದು, ಬೀಳಿಸದು, ವಾಸನೆ ಬರದು. ತನಗೆ ಸಿಕ್ಕಿದ್ದು ಹಸಿರು ಪ್ಯಾಕೆಟ್ಟಿನವನು, ಮಗಳಿಗಾದರೂ ಒಳ್ಳೆಯದು ಸಿಕ್ಕಿತು ಎಂದುಕೊಂಡಳು. ಮಗಳಿಗೆ ಹೇಗಾದರೂ ತಿಳಿಹೇಳಬೇಕೆಂದು ಒಳಕೋಣೆಗೆ ಹೋದಳು.

ಶೈಲಶ್ರೀ ಗೋಡೆಯ ಕಡೆ ಮುಖ ಮಾಡಿ, ಮೂಗಿಗೆ ಸೆರಗು ಒತ್ತಿಕೊಂಡು ಮಲಗಿದ್ದಳು. ಕೈತುಂಬ ಕುಬಸದ ಹೊಸ ಬಳೆ.

"ಬಾಗಲಾ ಹಾಕ ಯವ್ವಾ. ವಾಸನಿ ಬರಾಕತ್ತದ."

"ಅದು ನಿಮ್ಮಪ್ಪ ಕುಡಿಯೂದಲ್ಲವ್ವ. ಭಾರಿ ದುಬಾರಿದಂತ. ವಾಸನಿನೇ ಇರಂಗಿಲ್ಲಂತ."

"ನನಗ ದಿನಾ ಬರ್ತದ."

ಬಸವಂತಮ್ಮ ಬಾಗಿಲು ಹಾಕಿ ಬಂದು ಹಾಸಿಗೆಯ ಅಂಚಿಗೆ ಕೂತಳು.

"ಯಪ್ಪ ಕುಡುದು ಬೀಳ್ತಿದ್ದ, ನೀ ಮಲಗತಿದ್ದಿ," ಮಗಳು ಗೋಡೆಗೇ ಹೇಳುವಂತೆ ಹೇಳಿದಳು. "ಇವರು ಬೀಳಂಗಿಲ್ಲ. ಕುಂತಲ್ಲೇ ಕುಂತು ಸಾವಕಾಶ ಬೈತಾರ. ಬಾಜೂ ಮನಿಯವ್ರಿಗೂ ಕೇಳಸಂಗಿಲ್ಲ. ಬಾಟ್ಲಿ ಇಳಿಯೂತನಕ ನಾ ಎದುರಿಗೆ ನಿಂದರಬೇಕು. ಬಸುರಾದ ಮ್ಯಾಲೂ ಅಷ್ಟೇ. ಬಾಣಂತನ ಮುಗಿಯೂತನಕ ಆದ್ರೂ ಆ ವಾಸನಿ ಇಲ್ಲದ ಮನ್ಯಾಗ ಮಲಗೋಣಂತ ಬಂದೆ. ಅದಕ್ಕ ಯಪ್ಪನ್ನ ಬಿಡಸು ಅಂದೆ."

ನಮ್ಮ ಅಳಿಯ ಹಾಳುಮೂಳು ಮುಟ್ಟುವವನಲ್ಲ ಎಂದು ಓಣಿ ತುಂಬ ಹೇಳಿಕೊಂಡು ತಿರುಗಿದ ಬಾಯಿ ಬಸವಂತಮ್ಮನದೇ. ಅವಳು ಎದ್ದು ಪಡಸಾಲೆಗೆ ಬಂದಳು. ಬಾಟಲಿಗೆ ಮುಚ್ಚಳ ಹಾಕಿ, ಡಬ್ಬಿಗೆ ತುರುಕಿ, ಅಳಿಯನ ಕೈಗೆ ಕೊಟ್ಟಳು.

"ಅಳಿಯಂದ್ರ, ಏಳ್ರಿ. ಕುಡದೀರಿ, ಕಾರು ಇಲ್ಲೇ ಇರ್ಲಿ, ಬಸ್ಸಿಗೆ ಹೋಗ್ರಿ. ಇವರನ್ನೂ ಕರಕೊಂಡ ಹೋಗ್ರಿ. ಹಸರದೂ ತಗೋರಿ, ಇದೂ ಇಟಗೋರಿ, ಇಬ್ಬರೂ ಕುಂತು ಯಾವುದು ಚಲೋ ನೋಡಕೋರಿ. ಬಾಣಂತನ ಮುಗಿಯೂತನಕ ಈ ಕಡಿ ಬರಬ್ಯಾಡ್ರಿ."

"ಏನಬೇ ಇದು? ಅಳಿಯಂದ್ರಿಗೆ ಹಿಂಗ ಮಾತಾಡ್ತಾರೇನು?" ವಿರೂಪಣ್ಣ ದನಿ ಏರಿಸಿದ. "ನಾ ಆಣಿ ಮುರಿದಿಲ್ಲ!"

"ಇಲ್ಲ. ನೀವು ಮುರಿದಿಲ್ಲ," ಎಂದು ಅವಳು ಅವನ ಟವೆಲ್ಲು ತಂದು ಹೆಗಲಿಗೆ ಹಾಕಿದಳು.

ಉದಯಕುಮಾರನ ಮುಖ ಕೆಂಪಾಯಿತು. ಅವನು ಒಳಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿ, ಅಲ್ಲಿ ಏನು ಮಾತಾಗಿದೆ ಎಂಬುದು ಹೊಳೆದವನಂತೆ ಚಪ್ಪಲಿ ಮೆಟ್ಟಿದ. ಮಾವನೂ ಗೊಣಗುತ್ತ ಹಿಂದೆ ಹೋದ.

ಅವಳು ಹಿತ್ತಲ ಬಾಗಿಲು ತೆರೆದು, ಗಾಳಿ ಆಡಲು ಬಿಟ್ಟು, ಮಗಳ ಪಕ್ಕ ಬಂದು ಕೂತಳು.

"ಹೋದ್ರಾ?"

"ಹೋದ್ರು."

"ಬಾಣಂತನ ಮುಗಿದ ಮ್ಯಾಲ?"

ಮುಂದೇನು ಎಂಬ ಇದೇ ಮಾತನ್ನು ತಾನೂ ಎಳೆಗೂಸು ಶೈಲಶ್ರೀಯನ್ನು ಎತ್ತಿಕೊಂಡು ತವರಿನಿಂದ ಹೊರಡುವಾಗ ತಾಯಿಯನ್ನು ಕೇಳಿದ್ದು ಬಸವಂತಮ್ಮನಿಗೆ ನೆನಪಾಯಿತು. ಹೊಂದಿಕೊಂಡು ಹೋಗವ್ವ ಎಂದಿದ್ದಳು ಆ ತಾಯಿ. ಅದೇ ಉತ್ತರ ಈಗ ಇವಳ ನಾಲಿಗೆಯ ತುದಿಗೂ ಬಂತು. ಬಲು ಸಲೀಸಾಗಿ ಬಂತು. ಅದನ್ನು ನುಂಗಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

"ಇಲ್ಲೇ ಇರು," ಎಂದಳು.